ನೋವೆಂಬ ಕಾವಲುಗಾರ

ಒಲೆಯಿಂದ ಇಳಿಸಿದ ತಪ್ಪಲೆಯು ಆರಿರಬಹುದೆಂದು ಎಣಿಸಿ ಮುಟ್ಟುತ್ತೇವೆ. ಮುಟ್ಟಿದ ಕೈ ಥಟ್ಟನೆ ಹಿಂದಕ್ಕೆ ಬರುತ್ತದೆ. ಆಮೇಲೆ ‘ಅಯ್ಯೋ, ಸುಟ್ಟಿತು!’ ಎಂಬ ಮಾತು ಬಾಯಿಂದ ಹೊರಡುತ್ತದೆ. ಎಲ್ಲರ ಮನೆಯಲ್ಲಿಯೂ ನಡೆಯುವ ಈ ಸಂಗತಿಯಲ್ಲಿ ವಿಚಾರಮಾಡತಕ್ಕದ್ದೇನಿದೆಯೆಂದು ತೋರಬಹುದು. ಆದರೆ ಅದು ನಡೆದ ಕ್ರಮವನ್ನು ಸ್ವಲ್ಪ ಗಮನಿಸಿರಿ. ಸುಟ್ಟಿತೆಂದು ತಿಳಿದು ನಾವು ಕೈಯನ್ನು ತೆಗೆಯಲಿಲ್ಲ. ಕೈ ತಾನಾಗಿ ಹಿಂದೆ ಸರಿದ ಮೇಲೆ ಸುಟ್ಟಿತೆಂಬುದು ನಮಗೆ ತಿಳಿಯಿತು. ಹಾಗಾದರೆ ಕೈಗೆ ಅಪ್ಪಣೆಕೊಟ್ಟವರಾರು?

ಇದಕ್ಕೆ ಉತ್ತರವನ್ನು ತಿಳಿಯಬೇಕಾದರೆ ನಮ್ಮ ದೇಹದ ನರಮಂಡಲವನ್ನು ಕುರಿತು ಎರಡು ಮಾತು ಹೇಳಬೇಕು. ತಲೆಯೋಡಿನೊಳಗೆ ಮೆದುಳೂ ಬೆನ್ನೆಲುಬಿನ ಕೊಳವೆಯೊಳಗೆ ಬೆನ್ನುಹುರಿಯೂ ಇರುವುವು. ಇವುಗಳಿಂದ ಹೊರಟ ನರಗಳು ಮರದ ಬೇರುಗಳಂತೆ ಕವಲೊಡೆದು ಉಂಗುಷ್ಠದ ತುದಿಯವರೆಗೂ ಹಬ್ಬಿಕೊಂಡಿವೆ. ನರವೆಂದರೆ ಒಂದೇ ಎಳೆಯಲ್ಲ. ಬಹು ಸಣ್ಣ ಎಳೆಗಳು ಸಾವಿರಗಟ್ಟಲೆಯಾಗಿ ಕೂಡಿದ ಹಗ್ಗದಂತಿರುವುದು. ಒಂದೊಂದು ಎಳೆಯೂ ಒಂದೊಂದು ನರಕೋಶದ ನೀಳವಾದ ಬಾಲ. ಕೋಶದ ಒಡಲು ಸೂಕ್ಷ್ಮದರ್ಶಕವಿಲ್ಲದೆ ಕಾಣದು. ಆದರೆ ಸೊಂಟದ ಬಳಿಯಿಂದ ಕಾಲ್ಬೆರಳಿಗೆ ಇಳಿಯುವ ಬಾಲದ ಉದ್ದ ಸುಮಾರು ಒಂದು ಮೀಟರು! ಮನುಷ್ಯನ ಮೆದುಳೊಂದರಲ್ಲಿಯೇ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಲೆಕ್ಕಹಾಕಿದ್ದಾರೆ.

ಈ ಕೋಶಗಳೆಲ್ಲವೂ ಒಂದಕ್ಕೊಂದು ಬೆಸೆದ ಬಲೆಯೆಂದು ಬಹುಮಂದಿ ಪಂಡಿತರು ನಂಬಿದ್ದರು. ಅದು ಹಾಗಲ್ಲ, ಪ್ರತಿಯೊಂದೂ ಬೇರೆಯಾಗಿ ನಿಂತ ಕೋಶವೆಂದು ಸ್ಪೇನ್ ದೇಶದ ಸಾಂತಿಯಾಗೊ ರಾಮೋನ್ ಇ ಕಹಾಲ್ ಎಂಬವರು ತೋರಿಸಿಕೊಟ್ಟರು. ಕೋಶಗಳಿಗೆ ಬಣ್ಣವೇರಿಸಿ ನೋಡುವ ಉಪಾಯವನ್ನು ಕಂಡುಹಿಡಿದವರು ಇಟಲಿಯ ಕಮಿಲ್ಲೊ ಗಾಲ್ಜಿ. 1906ರಲ್ಲಿ ನೊಬೆಲ್ ಪಾರಿತೋಷಕವು ಇವರಿಬ್ಬರಿಗೂ ಕೂಡಿಯೇ ದೊರೆಯಿತು. ವಿನೋದವೇನೆಂದರೆ, ಬಹುಮಾನವನ್ನು ಹಂಚಿಕೊಂಡ ಗಾಲ್ಜಿಯವರು ಕೊನೆಯವರೆಗೂ ಬಲೆಯ ಪಕ್ಷವನ್ನೇ ಹಿಡಿದಿದ್ದರು.

ಇನ್ನು ಸುದ್ದಿಯು ಸಾಗುವ ಬಗೆ. ನರವನ್ನು ತಂತಿಗೆ ಹೋಲಿಸುವ ವಾಡಿಕೆಯುಂಟು. ಆದರೆ ಹೋಲಿಕೆ ಪೂರ್ಣವಾಗಿ ಸಲ್ಲುವುದಿಲ್ಲ. ಎಳೆಯ ತೆಳುವಾದ ಪೊರೆಯಲ್ಲಿ ಸಣ್ಣ ಬಾಗಿಲುಗಳಿವೆ. ಸುದ್ದಿ ಬಂದೊಡನೆ ಅವು ತೆರೆದು, ಉಪ್ಪಿನ ಅಂಶವಾದ ಸೋಡಿಯಂ ಕಣಗಳು ಒಳಕ್ಕೆ ನುಗ್ಗುವುವು. ಮರುಕ್ಷಣದಲ್ಲಿ ಪೊಟ್ಯಾಸಿಯಂ ಕಣಗಳು ಹೊರಕ್ಕೆ ಹೊರಡುವುವು. ಈ ಅಲುಗಾಟವು ಪಕ್ಕದ ಬಾಗಿಲುಗಳನ್ನು ತೆರೆಯಿಸುವುದು. ಗಾಳಿ ಬೀಸಿದಾಗ ಬತ್ತದ ಪೈರು ನಿಂತಲ್ಲಿಯೇ ನಿಂತಿದ್ದರೂ ಅಲೆ ಗದ್ದೆಯ ಈ ಬದುವಿನಿಂದ ಆ ಬದುವಿಗೆ ಓಡುವುದಲ್ಲವೆ? ಇದೂ ಹಾಗೆಯೇ. ಎಳೆಯ ತುದಿಯಲ್ಲಿ ಒಂದು ಕಿರಿಯ ಸಂದು. ಅದನ್ನು ಬಹುಮಟ್ಟಿಗೆ ರಾಸಾಯನಿಕ ದ್ರವ್ಯಗಳು ದಾಟಿ ಮುಂದಿನ ಕೋಶವನ್ನು ಎಚ್ಚರಿಸುವುವು.

ಈ ಅಲೆಯ ವೇಗವನ್ನು 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬವರು ಕಪ್ಪೆಯ ನರದಲ್ಲಿ ಅಳೆದರು. ಸೆಕೆಂಡಿಗೆ ಸುಮಾರು 27 ಮೀಟರು. ಮನುಷ್ಯನಲ್ಲಿ ಕವಚವುಳ್ಳ ದಪ್ಪ ಎಳೆಗಳು ಸೆಕೆಂಡಿಗೆ 100 ಮೀಟರಿನವರೆಗೂ ಸುದ್ದಿಯನ್ನೊಯ್ಯಬಲ್ಲುವು. ಉರಿನೋವನ್ನು ಒಯ್ಯುವ ಸಪೂರವಾದ ಎಳೆಗಳ ವೇಗ ಸುಮಾರು ಒಂದೇ ಮೀಟರು. ಹೊಸಲಿಗೆ ಕಾಲ್ಬೆರಳು ತಾಗಿದಾಗ, ತಾಗಿತೆಂಬುದು ಮೊದಲು ತಿಳಿದು, ಕಣ್ಣು ಮುಚ್ಚಿ ಬರುವಂಥ ನೋವು ಕ್ಷಣಬಿಟ್ಟು ಬರುವುದು ಈ ಕಾರಣದಿಂದಲೇ.

ಈಗ ತಪ್ಪಲೆಗೆ ಹಿಂದಿರುಗೋಣ. ಬೆರಳಿನಿಂದ ಹೊರಟ ಸುದ್ದಿ ಮೊದಲು ಬೆನ್ನುಹುರಿಯನ್ನು ಮುಟ್ಟುವುದು. ಅಲ್ಲಿಯ ಕೋಶಗಳು ಮೆದುಳಿನ ಮಾತಿಗೆ ಕಾಯದೆ ತೋಳಿನ ಸ್ನಾಯುಗಳಿಗೆ ಅಪ್ಪಣೆಯನ್ನಿತ್ತು, ಜೊತೆಗೆ ಮೆದುಳಿಗೂ ವರದಿಯನ್ನು ಕಳುಹಿಸುವುವು. ಹಿಂದಿನ ಕಾಲದಲ್ಲಿ ಬಣವೆಗೆ ಬೆಂಕಿ ಬಿದ್ದರೆ ಊರ ಪಟೇಲನು ಅರಮನೆಯ ಅಪ್ಪಣೆಗಾಗಿ ಕುಳಿತಿರುತ್ತಿರಲಿಲ್ಲ. ಬೆಂಕಿಯನ್ನು ಆರಿಸಿದ ಮೇಲೆ ಕಾಗದ ಬರೆಯುತ್ತಿದ್ದನು.

ಆದರೂ ಮೆದುಳು ಅರಸನೇ ಸರಿ. ಕಾದ ಹಾಲಿನ ಪಾತ್ರೆಯನ್ನು ತಾಯಿ ಎತ್ತಿಕೊಂಡಿದ್ದಾಳೆ, ಬೆರಳು ಸುಡುತ್ತಿದೆ, ಕಾಲ ಬಳಿಯಲ್ಲಿ ಮಗು ಆಡುತ್ತಿದೆ. ಆಕೆ ಪಾತ್ರೆಯನ್ನು ಕೈಬಿಡಳು. ‘ತಡೆ’ ಎಂಬ ಆಜ್ಞೆ ಮೆದುಳಿನಿಂದಿಳಿದು ಬೆನ್ನುಹುರಿಯ ಆತುರವನ್ನು ಅಡಗಿಸುವುದು. ಪಾತ್ರೆಯನ್ನು ಕೆಳಗಿಟ್ಟ ಮೇಲೆಯೇ ಆಕೆ ಕೈಯನ್ನು ಕೊಡಹಿಕೊಳ್ಳುವಳು.

ನೋವಿನ ಸುದ್ದಿಯೇ ಬಾರದಿದ್ದರೆ? ಎಷ್ಟು ಸುಖವೆಂದು ತೋರಬಹುದು. ಆ ಸುಖದ ಬೆಲೆಯನ್ನು ಕುಷ್ಠರೋಗಿಗಳು ತೆತ್ತಿದ್ದಾರೆ. ಈ ರೋಗದ ಕ್ರಿಮಿಯನ್ನು 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಎಂಬ ವೈದ್ಯರು ಕಂಡುಹಿಡಿದರು. ಆದರೂ ರೋಗವೇ ಬೆರಳುಗಳನ್ನು ತಿಂದುಹಾಕುತ್ತದೆಂದು ಜನರು ಬಹುಕಾಲ ನಂಬಿದ್ದರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ರೋಗಿಗಳ ನಿತ್ಯದ ನಡವಳಿಯನ್ನು ತಾಳ್ಮೆಯಿಂದ ಪರೀಕ್ಷಿಸಿದರು. ಬೆಂಕಿಯೊಳಕ್ಕೆ ಬರಿಗೈ ಹಾಕುವವರಿದ್ದರು. ಗಾಯವಾದ ಕಾಲನ್ನೂರಿ ಕುಂಟದೆ ನಡೆಯುವವರಿದ್ದರು. ರಾತ್ರಿ ಮಲಗಿದ್ದಾಗ ಇಲಿಗಳು ಬೆರಳುಗಳನ್ನು ಕಡಿದರೂ ಕೆಲವರಿಗೆ ಎಚ್ಚರವಾಗುತ್ತಿರಲಿಲ್ಲ! ಬೆರಳುಗಳನ್ನು ನಾಶಮಾಡಿದ್ದು ಮುಖ್ಯವಾಗಿ ನೋವು ತಿಳಿಯದೆ ಪದೇ ಪದೇ ಆದ ಗಾಯಗಳೆಂದು ಅವರು ಮನಗಾಣಿಸಿದರು. ಅಲ್ಲಿಯ ರೋಗಿಗಳು ಇಲಿಗಳ ಕಾಟಕ್ಕೆ ಬೆಕ್ಕುಗಳನ್ನು ಸಾಕಿದರು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಮಾಡಿದ ಹಲವು ಔಷಧಗಳ ಚಿಕಿತ್ಸೆಯಿಂದ ಈ ರೋಗವು ಪೂರ್ಣವಾಗಿ ಗುಣವಾಗುವುದು. ಆದರೆ ಅದಕ್ಕೆ ಮೊದಲೇ ಹಾಳಾದ ನರಗಳು ಮರಳಿ ಬರುವುದು ದುರ್ಲಭ.

ಇದು ನಮ್ಮ ಮನೆಗೆ ಸಂಬಂಧಿಸಿದ ಮಾತಲ್ಲವೆಂದು ವಾಚಕರು ಹಾಳೆಯನ್ನು ಮಗುಚದಿರಲಿ. ಜನರು ಸಕ್ಕರೆ ಕಾಯಿಲೆಯೆನ್ನುವ ಮಧುಮೇಹವು ಇಂದು ಅನೇಕ ಮನೆಗಳಲ್ಲಿ ಬೀಡುಬಿಟ್ಟಿದೆ. ರಕ್ತದಲ್ಲಿ ಸಕ್ಕರೆಯು ಬಹುಕಾಲ ಹೆಚ್ಚಾಗಿದ್ದರೆ ನರಗಳು ಕೆಡುವುವು. ಅತ್ಯಂತ ನೀಳವಾದ ಎಳೆಗಳು ಮೊದಲು ಕೆಡುವುದರಿಂದ ಪಾದಗಳಿಗೇ ಮೊದಲ ಪೆಟ್ಟು. ಕೆಲವರಿಗೆ ಉರಿಯೂ ಜುಮುಜುಮು ಎನ್ನುವುದೂ ಉಂಟು. ಕೆಲವರಿಗೆ ಏನೊಂದೂ ತಿಳಿಯದು. ಕಾಲಿನ ಚಪ್ಪಲಿ ಕಳಚಿದ್ದು, ಮುಳ್ಳು ಮುರಿದದ್ದು, ಬಿಸಿಲಿಗೆ ಕಾದ ದೇವಾಲಯದ ಚಪ್ಪಡಿ ಸುಟ್ಟದ್ದು, ಯಾವುದೂ ತಿಳಿಯದೆ ಗಾಯವು ಹುಣ್ಣಾಗಿ, ಹುಣ್ಣು ಎಲುಬಿಗಿಳಿದು, ಕಾಲನ್ನೇ ತೆಗೆಸಬೇಕಾದ ಪ್ರಸಂಗಗಳಿವೆ. ‘ನೋವೇನೂ ಇಲ್ಲ’ವೆಂದು ಹಿರಿಯರು ಸುಮ್ಮನಿರುವರು. ಭಯಪಡಬೇಕಾದುದು ಆ ಮಾತಿಗೇ.

ಉಪಾಯವು ಕಷ್ಟದ್ದಲ್ಲ. ಕಾವಲುಗಾರನು ನಿದ್ದೆಹೋದ ಮನೆಯಲ್ಲಿ ಮನೆಯವರೇ ಎಚ್ಚರವಾಗಿರಬೇಕು. ಪ್ರತಿದಿನ ರಾತ್ರಿ ಒಳ್ಳೆಯ ಬೆಳಕಿನಲ್ಲಿ ಪಾದದ ಅಡಿಯನ್ನೂ ಬೆರಳಿನ ಸಂದುಗಳನ್ನೂ ನೋಡಬೇಕು. ಬಗ್ಗಲಾರದವರ ಪಾದಗಳನ್ನು ಮಕ್ಕಳೋ ಸೊಸೆಯೋ ನೋಡಲಿ. ಬರಿಗಾಲಿನಲ್ಲಿ ತಿರುಗಕೂಡದು. ಪಾದರಕ್ಷೆಯನ್ನು ಮೆಟ್ಟುವ ಮೊದಲು ಕೊಡಹಿ ನೋಡಬೇಕು. ನೀರಿನ ಕಾವನ್ನು ಕಾಲಿನಿಂದಲ್ಲ, ಮೊಳಕೈಯಿಂದ ಪರೀಕ್ಷಿಸಬೇಕು. ನೋವಿಲ್ಲದ ಗಾಯವನ್ನು ನೋವುಳ್ಳ ಗಾಯಕ್ಕಿಂತ ಬೇಗನೆ ವೈದ್ಯರಿಗೆ ತೋರಿಸಬೇಕು.

ನೋವನ್ನು ಬಯಸುವವರು ಯಾರೂ ಇಲ್ಲ. ಆದರೂ ಮುಂದಿನ ಸಲ ತಪ್ಪಲೆಯು ಬೆರಳನ್ನು ಸುಟ್ಟಾಗ, ನಾವು ತಿಳಿಯುವ ಮೊದಲೇ ನಮ್ಮನ್ನು ಕಾಪಾಡಿದ ಆ ಸೇವಕನನ್ನು ಒಂದು ಕ್ಷಣ ನೆನೆಯೋಣ. ಆ ರಾತ್ರಿ ಮನೆಯ ಹಿರಿಯರ ಪಾದಗಳನ್ನು ತಪ್ಪದೆ ನೋಡೋಣ.