ಸೊಪ್ಪಿನ ಮಡಿಗೆ ಕಳಿತ ಗೊಬ್ಬರವೇ ಏಕೆ?

ಗೊಬ್ಬರ ಚೆನ್ನಾಗಿ ಕಳಿತಿರಬೇಕೆಂಬುದು ರೈತರಿಗೆ ಹೊಸ ಮಾತಲ್ಲ. ಆದರೆ ಹಬ್ಬದ ಸಂತೆಗೆಂದು ಅವಸರದಲ್ಲಿ ಸೊಪ್ಪು ಬಿತ್ತುವಾಗ ತಿಪ್ಪೆಯ ಮೇಲಿನ ಅರೆಕಳಿತ ಸಗಣಿಯನ್ನೇ ಮಡಿಗೆ ಹಾಕುವುದುಂಟು. ಇದರಿಂದ ಬೆಳೆಗಿಂತ ಹೆಚ್ಚಿನ ಹಾನಿ ಸೊಪ್ಪು ತಿನ್ನುವವರಿಗೆ.

ದನದ ಸಗಣಿ ಮತ್ತು ಕೋಳಿ ಗೊಬ್ಬರದಲ್ಲಿ ವಾಂತಿ, ಭೇದಿ ತರುವ ಈ-ಕೋಲಿ, ಸಾಲ್ಮೊನೆಲ್ಲಾ ಮುಂತಾದ ರೋಗಾಣುಗಳಿರಬಹುದು. ಮನುಷ್ಯರ ಮಲ ಬೆರೆತ ಕಸದಲ್ಲಿ ದುಂಡುಹುಳುವಿನ ಮೊಟ್ಟೆಗಳಿರಬಹುದು. ಇವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲವು. ಸೊಪ್ಪಿನ ಎಲೆ ನೆಲಕ್ಕೆ ಹತ್ತಿರ. ಮಳೆಹನಿ ಸಿಡಿದರೆ ಸಾಕು, ಮಣ್ಣು ಎಲೆಗೆ ಅಂಟುತ್ತದೆ. ದಂಟಿನ ಸೊಪ್ಪನ್ನು ಬೇಯಿಸುವುದರಿಂದ ರೋಗಾಣು ಸಾಯುತ್ತದೆ. ಕೋಸಂಬರಿಗೆ ಹಸಿಯಾಗಿ ಹಾಕುವ ಕೊತ್ತಂಬರಿಯಲ್ಲಿ ಅದು ಸಾಯುವುದಿಲ್ಲ. ತೊಳೆದರೂ ಪೂರ್ತಿ ಹೋಗುವುದಿಲ್ಲ.

ಹಸಿ ಗೊಬ್ಬರ ಹಾಕಿದ ಮೇಲೆ, ಮಣ್ಣಿಗೆ ತಾಗುವ ಬೆಳೆಯನ್ನು 120 ದಿನಗಳವರೆಗೆ ಕೊಯ್ಯಬಾರದೆಂದು ಅಮೆರಿಕದ ಸಾವಯವ ಕೃಷಿ ನಿಯಮ ಹೇಳುತ್ತದೆ. ನಮ್ಮ ಮೆಂತ್ಯ 25-30 ದಿನಗಳಲ್ಲಿ, ಕೊತ್ತಂಬರಿ 40-45 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಆದುದರಿಂದ ಕಾಯುವ ಕೆಲಸ ಮಡಿಯಲ್ಲಿ ಆಗದು. ಅದು ತಿಪ್ಪೆಯಲ್ಲಿಯೇ ಮುಗಿಯಬೇಕು.

ರಾಶಿ ಕಾಯಬೇಕು

ರೋಗಾಣುಗಳನ್ನು ಕೊಲ್ಲುವುದು ರಾಶಿಯ ಬಿಸಿ. ಒಣ ಎಲೆ, ಹುಲ್ಲು, ಬೀಜ ಕಟ್ಟದ ಕಳೆ ಇವುಗಳನ್ನು ಅರ್ಧ ಅಡಿ ಹರಡಿ, ಮೇಲೆ ಎರಡು ಅಂಗುಲ ಸಗಣಿ ಹಾಕಿ ನೀರು ಚಿಮುಕಿಸಬೇಕು. ಹೀಗೆ ಪದರ ಪದರವಾಗಿ 5 ಅಡಿ ಅಗಲ, 4-5 ಅಡಿ ಎತ್ತರ ಒಟ್ಟಬೇಕು. ರಾಶಿ ಚಿಕ್ಕದಾದರೆ ಬಿಸಿ ನಿಲ್ಲದು. ಹಿಡಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಬರುವಷ್ಟು ತೇವವಿರಬೇಕು.

ರಾಶಿಯ ಒಳಗೆ 55 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಬಿಸಿ 15 ದಿನ ಇರಬೇಕು. ಆ ಅವಧಿಯಲ್ಲಿ ಐದು ಸಲವಾದರೂ ಮಗುಚಿ, ಹೊರಗಿನದನ್ನು ಒಳಕ್ಕೆ ತರಬೇಕು. ಇಲ್ಲವಾದರೆ ಅಂಚಿನ ಸಗಣಿ ಕಾಯದೆ ಉಳಿಯುತ್ತದೆ. ಉಷ್ಣಮಾಪಕವಿಲ್ಲದವರು ಕಬ್ಬಿಣದ ಸಲಾಕೆಯನ್ನು ರಾಶಿಯ ನಡುವಿಗೆ ಚುಚ್ಚಿ, ಹತ್ತು ನಿಮಿಷದ ಮೇಲೆ ತೆಗೆದು ನೋಡಬಹುದು. ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಿದ್ದರೆ ರಾಶಿ ಚೆನ್ನಾಗಿ ಕಾದಿದೆ ಎಂದು ತಿಳಿಯಬಹುದು. ನಂತರ ಒಂದೂವರೆ ಎರಡು ತಿಂಗಳು ನೆರಳಿನಲ್ಲಿ ಮಾಗಲು ಬಿಡಬೇಕು.

ಗುಂಡಿ ತುಂಬಿ ಮಣ್ಣು ಮೆತ್ತುವ ಬೆಂಗಳೂರು ಪದ್ಧತಿಯಲ್ಲಿ ಮಗುಚುವ ಶ್ರಮವಿಲ್ಲ. ಆದರೆ ಗಾಳಿಯಿಲ್ಲದೆ ಬಿಸಿ ಬೇಗ ಇಳಿಯುತ್ತದೆ. ಕಳಿಯಲು 6-8 ತಿಂಗಳು ಬೇಕಾಗುತ್ತದೆ. ಸೊಪ್ಪಿಗೆ ಮಗುಚಿದ ರಾಶಿಯ ಗೊಬ್ಬರವೇ ಮೇಲು. ಎರೆಹುಳು ಬಿಸಿ ತಾಳದು, ಎರೆಗೊಬ್ಬರದ ತೊಟ್ಟಿ ಕಾಯುವುದೂ ಇಲ್ಲ. ಆದ್ದರಿಂದ ಕಸವನ್ನು ಮೊದಲು ಬಿಸಿಯಲ್ಲಿ ಕಳಿಸಿ, ಆರಿದ ಮೇಲೆ ಹುಳು ಬಿಡಬೇಕು.

ಮಡಿಗೆ ಹಾಕುವಾಗ

ಮಾಗಿದ ಗೊಬ್ಬರ ಕಂದುಗಪ್ಪಾಗಿ, ಪುಡಿಪುಡಿಯಾಗಿರುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಾರ ಕಟ್ಟಿಟ್ಟು ಬಿಚ್ಚಿದಾಗ ದುರ್ವಾಸನೆ ಬಂದರೆ ಇನ್ನೂ ಮಾಗಿಲ್ಲ. ಎಕರೆಗೆ ಸುಮಾರು 10 ಟನ್, ಅಂದರೆ ಗುಂಟೆಗೆ 250 ಕಿ.ಗ್ರಾಂ. ಗೊಬ್ಬರವನ್ನು ಬಿತ್ತುವ ಮೊದಲೇ ಮಣ್ಣಿನಲ್ಲಿ ಬೆರೆಸಬೇಕು.

ಬೆಳೆ ನಿಂತ ಮೇಲೆ ಸಗಣಿ ಬಗ್ಗಡವನ್ನಾಗಲಿ, ಹಸಿ ಸಗಣಿಯಿಂದ ಮಾಡಿದ ಜೀವಾಮೃತವನ್ನಾಗಲಿ ಎಲೆಗಳ ಮೇಲೆ ಚೆಲ್ಲಬಾರದು. ಹಸಿ ಸಗಣಿ ಹೊತ್ತ ಮಂಕರಿಯಲ್ಲಿ ಸೊಪ್ಪು ತುಂಬಬಾರದು. ತಿಪ್ಪೆಯ ನೀರು ಮಡಿಗೆ ಹರಿಯದಂತೆ ತಿಪ್ಪೆಯನ್ನು ತಗ್ಗಿನಲ್ಲಿಡಬೇಕು. ಚರಂಡಿ ನೀರಿನಲ್ಲಿ ಕಟ್ಟು ತೊಳೆದರಂತೂ ಇಷ್ಟೆಲ್ಲ ಮಾಡಿದ ಶ್ರಮ ವ್ಯರ್ಥವೇ ಸರಿ.

ಸಂತೆಗೆ ಹೋಗುವ ಕಟ್ಟಿನಲ್ಲಿ ಒಂದು ಕಟ್ಟು ನಮ್ಮ ಮನೆಗೂ ಬರುತ್ತದೆ. ಮುಂದಿನ ಸೊಪ್ಪಿಗೆ ಬೇಕಾದ ರಾಶಿಯನ್ನು ಮೂರು ತಿಂಗಳು ಮೊದಲೇ, ಅಂದರೆ ಇಂದೇ ಒಟ್ಟಲು ತೊಡಗುವುದು ಒಳ್ಳೆಯದು.