ಮನೆಯ ಕಂಪ್ಯೂಟರಿಗೆ ಪುಕ್ಕಟೆ ಕಾವಲು

ಕೊಳೆರೋಗ ಹತ್ತಿದ ಮೇಲೆ ಬೋರ್ಡೋ ದ್ರಾವಣ ಸಿಂಪಡಿಸಿ ಫಲವಿಲ್ಲವೆಂಬುದು ಬೆಳೆಗಾರ ಬಾಂಧವರಿಗೆ ತಿಳಿದದ್ದೇ. ಕಂಪ್ಯೂಟರಿನ ವೈರಸ್ಸಿಗೂ ಇದೇ ನ್ಯಾಯ.

ಕಳೆದ ವರ್ಷ ನಮ್ಮ ಮನೆಯ ಕಂಪ್ಯೂಟರಿನಲ್ಲಿದ್ದ ಮೂರು ವರ್ಷಗಳ ತೋಟದ ಲೆಕ್ಕಕ್ಕೆ ಒಂದೇ ರಾತ್ರಿಯಲ್ಲಿ ಬೀಗ ಬಿದ್ದು, ತೆರೆಯಲು ಹಣ ಕೇಳುವ ಒಕ್ಕಣೆ ಬಂದಿತು. ಹಣ ಕೊಡಲಿಲ್ಲ, ಲೆಕ್ಕವೂ ಮರಳಲಿಲ್ಲ. ತಪ್ಪು ನಮ್ಮದೇ. ಬಿಟ್ಟಿ ಸಿಕ್ಕಿದ ಕಳ್ಳ ನಕಲಿನ ತಂತ್ರಾಂಶ ಹಾಕಿಕೊಳ್ಳಲು ಕಾವಲನ್ನು ನಾವೇ ನಿಲ್ಲಿಸಿದ್ದೆವು.

ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಕಾವಲು ಮೊದಲೇ ಇರುತ್ತದೆ, ಪ್ರತ್ಯೇಕ ಹಣವಿಲ್ಲ. ಸಾಮಾನ್ಯ ಮನೆಬಳಕೆಗೆ ಅದು ಸಾಕು. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಾಧ್ಯವಿದ್ದವರು 11ಕ್ಕೆ ಬದಲಾಯಿಸುವುದು ಲೇಸು.

ಬೇರೆ ಪುಕ್ಕಟೆ ಕಾವಲು ತರುವವರು ಅದರ ಷರತ್ತುಗಳನ್ನು ಓದಬೇಕು. ಬಳಕೆದಾರರು ಅಂತರ್ಜಾಲದಲ್ಲಿ ಏನೇನು ನೋಡಿದರೆಂಬ ವಿವರ ಮಾರಿದ ಆರೋಪದ ಮೇಲೆ ಅವಾಸ್ಟ್ ಸಂಸ್ಥೆಯು 2024ರಲ್ಲಿ ಅಮೆರಿಕದಲ್ಲಿ 1.65 ಕೋಟಿ ಡಾಲರ್ ತೆರಬೇಕಾಯಿತು. ಎರಡು ಕಾವಲುಗಳನ್ನು ಒಟ್ಟಿಗೆ ಓಡಿಸುವುದೂ ಸಲ್ಲ.

ಎಲ್ಲಕ್ಕೂ ಮಿಗಿಲಾಗಿ, ವಾರಕ್ಕೊಮ್ಮೆ ಲೆಕ್ಕದ ನಕಲನ್ನು ಪೆನ್‌ಡ್ರೈವಿಗೆ ತೆಗೆದು, ಅದನ್ನು ಕಳಚಿ ಪೆಟ್ಟಿಗೆಯಲ್ಲಿಡಿ. ನಾವು ಕಳೆದುಕೊಂಡದ್ದು ಸದಸ್ಯರಿಗೆ ಪಾಠವಾದರೆ ಅಷ್ಟೇ ಸಮಾಧಾನ.