ಸರದಿಯ ಲೆಕ್ಕ: ಹಳೆಯ ಜಪಾನಿ ಗೇಮ್‌ಗಳ ಹೊಸ ವಾರಸುದಾರರು

ಪರದೆಯ ಎಡಗಡೆ ಶತ್ರುಗಳು, ಬಲಗಡೆ ನಮ್ಮ ಕಡೆಯ ನಾಲ್ವರು. ಯಾರೂ ಓಡುತ್ತಿಲ್ಲ, ಯಾರೂ ಮೇಲೆರಗುತ್ತಿಲ್ಲ. ನಾವು ಮೆನುವಿನಲ್ಲಿ ಒಂದು ಸಾಲು ಆರಿಸುವವರೆಗೆ ಯುದ್ಧವೇ ನಮಗಾಗಿ ಕಾದು ನಿಂತಿರುತ್ತದೆ. ಆರಿಸಿದ ಮೇಲೆ ಒಬ್ಬ ಮುಂದಕ್ಕೆ ಹೆಜ್ಜೆಯಿಟ್ಟು ಕತ್ತಿ ಬೀಸುತ್ತಾನೆ, ಎಷ್ಟು ಪೆಟ್ಟು ಬಿತ್ತೆಂದು ಅಂಕಿಯಲ್ಲಿ ಕಾಣುತ್ತದೆ, ಅವನು ಮತ್ತೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತಾನೆ. 1987ರ 'ಫೈನಲ್ ಫ್ಯಾಂಟಸಿ'ಯಲ್ಲಿ ಹೆಚ್ಚುಕಡಿಮೆ ಹೀಗೇ ಇತ್ತು, 2018ರ 'ಆಕ್ಟೋಪಾತ್ ಟ್ರಾವೆಲರ್'ನಲ್ಲೂ ಹೀಗೇ ಇದೆ. ಸಾವಿರ ಸೈನಿಕರನ್ನು ಒಟ್ಟಿಗೆ ಓಡಿಸಬಲ್ಲ ಯಂತ್ರಗಳು ಮನೆಮನೆಗೆ ಬಂದಮೇಲೂ ಈ ಸರದಿಯ ಆಟ ಉಳಿದಿದೆ. ಉಳಿದದ್ದಷ್ಟೇ ಅಲ್ಲ, ಕೆನಡಾ, ಜರ್ಮನಿ, ಫ್ರಾನ್ಸಿನಲ್ಲಿ ಕೂತವರೂ ಇದನ್ನೇ ಹೊಸದಾಗಿ ಕಟ್ಟುತ್ತಿದ್ದಾರೆ. ಅದು ಒಳಗೆ ಹೇಗೆ ನಡೆಯುತ್ತದೆ ಎಂದು ನೋಡಿದರೆ, ಯಾಕೆ ಕಟ್ಟುತ್ತಿದ್ದಾರೆ ಎಂಬುದೂ ತಿಳಿಯುತ್ತದೆ.

ಈ ಸರದಿಯ ಆಟದ ಮೂಲ ಜಪಾನಿನದ್ದಲ್ಲ. ಅಮೆರಿಕದ ಕಂಪ್ಯೂಟರ್ ಗೇಮ್‌ಗಳಾದ 'ವಿಜಾರ್ಡ್ರಿ' ಮತ್ತು 'ಅಲ್ಟಿಮಾ' ಆಡಿ ಮರುಳಾದ ಯೂಜಿ ಹೋರಿ, ಅದೇ ಖುಷಿಯನ್ನು ಕೀಬೋರ್ಡ್ ಇಲ್ಲದ ಫ್ಯಾಮಿಕಾಮ್ ಯಂತ್ರಕ್ಕೆ ಇಳಿಸಿ 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಮಾಡಿದರು. ಆ ಕಾರ್ಟ್ರಿಜ್‌ನಲ್ಲಿದ್ದ ಜಾಗ 64 ಕಿಲೋಬೈಟ್. ಇವತ್ತು ವಾಟ್ಸಾಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರಕ್ಕೂ ಅಷ್ಟು ಸಾಲುವುದಿಲ್ಲ. ಊರು, ಕಾಡು, ಗುಹೆ, ಶತ್ರು, ಸಂಗೀತ, ಮಾತು ಎಲ್ಲವೂ ಅಷ್ಟರಲ್ಲೇ ಹಿಡಿಯಬೇಕಿತ್ತು. ಆಟವನ್ನು ಸೇವ್ ಮಾಡಿಕೊಳ್ಳಲೂ ಜಾಗವಿರಲಿಲ್ಲ. ಅದರ ಬದಲು ಗೇಮ್ 20 ಅಕ್ಷರಗಳ ಒಂದು 'ಮಂತ್ರ' ಕೊಡುತ್ತಿತ್ತು, ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮಾರನೆಯ ದಿನ ಮತ್ತೆ ಒತ್ತಬೇಕಿತ್ತು.

ನಡೆಯುತ್ತಾ ಹೋದಾಗ ಇದ್ದಕ್ಕಿದ್ದಂತೆ ಪರದೆ ಮಿಂಚಿ ಯುದ್ಧ ಶುರುವಾಗುವುದು ಈ ಗೇಮ್‌ಗಳ ಗುರುತೇ ಆಗಿಹೋಯಿತು. ಅದೂ ಬಡತನದಿಂದ ಬಂದದ್ದು. ಬಯಲಿನಲ್ಲಿ ಹತ್ತಾರು ಶತ್ರುಗಳನ್ನು ಬಿಡಿಬಿಡಿಯಾಗಿ ಓಡಾಡಿಸುವ ತಾಕತ್ತು ಯಂತ್ರಕ್ಕಿರಲಿಲ್ಲ. ಅವರನ್ನು ಕಾಣಿಸುವ ಬದಲು ಎಣಿಸಿದರು. ನೀವು ಇಡುವ ಒಂದೊಂದು ಹೆಜ್ಜೆಗೂ ಒಳಗೊಂದು ದಾಳ ಬೀಳುತ್ತದೆ. ಕೆಲವು ಗೇಮ್‌ಗಳಲ್ಲಿ ಹೆಜ್ಜೆ ಹೆಚ್ಚಿದಷ್ಟೂ ಅಪಾಯದ ಅಂಕಿ ಏರುತ್ತಾ ಹೋಗುತ್ತದೆ, ದಾಳ ಅದರೊಳಗೆ ಬಿದ್ದ ಕ್ಷಣ ಶತ್ರು ಹಾಜರ್.

ಇನ್ನು ಪೆಟ್ಟಿನ ಲೆಕ್ಕ. ಇಂಥ ಗೇಮ್ ಕಟ್ಟಲೆಂದೇ ಇರುವ 'ಆರ್‌ಪಿಜಿ ಮೇಕರ್' ಎಂಬ ಜಪಾನಿ ಸಾಫ್ಟ್‌ವೇರ್ ತೆರೆದು ನೋಡಿದರೆ ಇದು ಕಣ್ಣಿಗೆ ಕಾಣುತ್ತದೆ. ಅದರ 'ಎಂವಿ' ಆವೃತ್ತಿಯಲ್ಲಿ ಮೊದಲೇ ಬರೆದಿಟ್ಟಿರುವ ಸೂತ್ರ ಇದು: ಹೊಡೆಯುವವನ ಬಲ ಗುಣಿಸು 4, ಅದರಿಂದ ಪೆಟ್ಟು ತಿನ್ನುವವನ ರಕ್ಷಣೆ ಗುಣಿಸು 2 ಕಳೆಯಿರಿ. ನಿಮ್ಮ ಬಲ 30, ಎದುರಾಳಿಯ ರಕ್ಷಣೆ 20 ಎಂದುಕೊಳ್ಳಿ. 120ರಲ್ಲಿ 40 ಹೋದರೆ 80. ಅದನ್ನು ನೂರಕ್ಕೆ ಇಪ್ಪತ್ತರಷ್ಟು ಅತ್ತಿತ್ತ ಅಲುಗಾಡಿಸುತ್ತಾರೆ, ಹಾಗಾಗಿ ಪೆಟ್ಟು 64ರಿಂದ 96ರೊಳಗೆ ಎಲ್ಲಾದರೂ ಬೀಳಬಹುದು. ಮರ್ಮಕ್ಕೆ ತಗುಲಿದರೆ ಮೂರು ಪಟ್ಟು. ಎದುರಾಳಿ ತಡೆದು ನಿಂತಿದ್ದರೆ ಅರ್ಧ. ಹೊಸ ಕತ್ತಿ ಕೊಂಡು ಬಲ 40 ಆಯಿತೆನ್ನಿ, 80 ಇದ್ದದ್ದು 120ಕ್ಕೆ ಹಾರುತ್ತದೆ. ಅಂಗಡಿಯಲ್ಲಿ ಹತ್ತು ಅಂಕಿ ಜಾಸ್ತಿಯಿರುವ ಕತ್ತಿಗಾಗಿ ಆಡುವವರು ಒಂದು ಗಂಟೆ ಹಣ ಕೂಡಿಡುವುದು ಸುಮ್ಮನೆ ಅಲ್ಲ. ಆ ಆಸೆಗೆ ಇಷ್ಟೇ ಚಿಕ್ಕ ಗಣಿತ ಸಾಕು ಎನ್ನುವುದು ನನಗೆ ಇವತ್ತಿಗೂ ಬೆರಗಿನ ವಿಷಯ.

ಆದರೆ ಈ ಗಣಿತದೊಳಗೇ ಒಂದು ಹುಳುಕಿದೆ. ಲೆಕ್ಕ ಒಮ್ಮೆ ಅರ್ಥವಾಯಿತೆಂದರೆ ಸಣ್ಣಪುಟ್ಟ ಶತ್ರುವಿಗೆಲ್ಲ ಒಂದೇ ಉತ್ತರ: ಹೊಡಿ, ಹೊಡಿ, ಹೊಡಿ. ಹೆಬ್ಬೆರಳು ಒತ್ತುತ್ತಿರುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಹಳೆಯ ಗೇಮ್‌ಗಳಲ್ಲಿ ನಿಜಕ್ಕೂ ಬೇಸರ ತರಿಸುತ್ತಿದ್ದದ್ದು ಇದು. ಇವತ್ತಿನ ಅನುಕರಣೆಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ನಾನು ಅಳೆಯುವುದೂ ಇದೇ ಜಾಗದಲ್ಲಿ. ಒಂದು ಸರದಿಯಲ್ಲಿ ಆಡುವವರಿಗೆ ಯೋಚಿಸಲು ಏನನ್ನು ಕೊಟ್ಟಿದ್ದಾರೆ?

'ಆಕ್ಟೋಪಾತ್' ಕೊಟ್ಟ ಉತ್ತರವನ್ನು ಹತ್ತಿರದಿಂದ ನೋಡೋಣ. ಪ್ರತಿ ಶತ್ರುವಿನ ಕೆಳಗೆ ಒಂದು ಗುರಾಣಿ, ಅದರೊಳಗೆ ಒಂದು ಅಂಕಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕೆಲವು ಚೌಕಗಳು. ಆ ಚೌಕಗಳಲ್ಲಿ ಅಡಗಿರುವುದು ಅವನಿಗೆ ಆಗದ ಆಯುಧ ಅಥವಾ ಮಂತ್ರ. ಅಂಕಿ 3 ಇದೆಯೆನ್ನಿ. ಕತ್ತಿಯಿಂದ ಹೊಡೆದಿರಿ, ಗುರಾಣಿಗೆ ಏನೂ ಆಗಲಿಲ್ಲ. ಈಟಿ ಹಾಕಿದಿರಿ, ಒಂದು ಚೌಕ ತೆರೆದುಕೊಂಡಿತು, 3 ಹೋಗಿ 2 ಆಯಿತು. ಸೊನ್ನೆಗಿಳಿದರೆ ಗುರಾಣಿ ಒಡೆಯುತ್ತದೆ. ಶತ್ರು ತಲೆ ತಿರುಗಿ ನಿಲ್ಲುತ್ತಾನೆ, ಅವನ ಸರದಿ ತಪ್ಪುತ್ತದೆ, ಬೀಳುವ ಪೆಟ್ಟೂ ಜಾಸ್ತಿಯಾಗುತ್ತದೆ. ಇದರ ಜೊತೆಗೆ ನಮ್ಮವರಿಗೆ ಸರದಿಗೊಂದರಂತೆ ಒಂದು ಹುರುಪಿನ ಚುಕ್ಕಿ ಸಿಗುತ್ತದೆ. ಐದರವರೆಗೆ ಕೂಡಿಡಬಹುದು, ಒಂದು ಸಲಕ್ಕೆ ಮೂರರವರೆಗೆ ಖರ್ಚು ಮಾಡಬಹುದು. ಮೂರನ್ನೂ ಸುರಿದರೆ ಒಂದು ಏಟಿನ ಜಾಗದಲ್ಲಿ ನಾಲ್ಕು ಏಟು. ಆದರೆ ಖರ್ಚು ಮಾಡಿದವರಿಗೆ ಮರುಸರದಿಯಲ್ಲಿ ಹೊಸ ಚುಕ್ಕಿ ಇಲ್ಲ.

ಈಗ ಪ್ರಶ್ನೆ ಹುಟ್ಟಿತಲ್ಲ. ಚುಕ್ಕಿಗಳನ್ನು ಈಗಲೇ ಸುರಿದು ಗುರಾಣಿ ಒಡೆಯುವುದೋ, ಬೇರೆಯವರು ಒಡೆಯಲಿ ಎಂದು ಕಾದು, ಒಡೆದ ಮೇಲೆ ಸುರಿಯುವುದೋ? ಪರದೆಯ ಮೇಲ್ಗಡೆ ಯಾರ ನಂತರ ಯಾರು ಎಂಬ ಸಾಲೂ ಕಾಣುತ್ತಿರುತ್ತದೆ. ಚೌಕಾಬಾರ ಆಡಿದವರಿಗೆ ಈ ಲೆಕ್ಕಾಚಾರ ಪರಿಚಿತ: ಈಗ ಹೊಡೆಯಲೋ, ಕಾಯಿ ಉಳಿಸಿಕೊಳ್ಳಲೋ.

ಕೆನಡಾದ ಕ್ವಿಬೆಕ್ ನಗರದ ಸಬೊಟಾಜ್ ಸ್ಟುಡಿಯೋ 2023ರಲ್ಲಿ ತಂದ 'ಸೀ ಆಫ್ ಸ್ಟಾರ್ಸ್' ಹಿಡಿದ ದಾರಿ ಬೇರೆ. ಅದರ ಗುರು 1995ರ 'ಕ್ರೋನೋ ಟ್ರಿಗರ್'. ಅಲ್ಲಿದ್ದಂತೆಯೇ ಇಲ್ಲೂ ಶತ್ರುಗಳು ದಾರಿಯಲ್ಲೇ ಕಾಣುತ್ತಾರೆ, ಯುದ್ಧ ಅದೇ ನೆಲದ ಮೇಲೆ ನಡೆಯುತ್ತದೆ, ಹೆಜ್ಜೆಯ ದಾಳದ ಕಾಟವಿಲ್ಲ. ಏಟು ತಗುಲುವ ಕ್ಷಣಕ್ಕೆ ಸರಿಯಾಗಿ ಬಟನ್ ಒತ್ತಿದರೆ ಪೆಟ್ಟು ಹೆಚ್ಚುತ್ತದೆ, ತಿನ್ನುವಾಗ ಒತ್ತಿದರೆ ಕಡಿಮೆಯಾಗುತ್ತದೆ. ಇದು 1996ರ 'ಸೂಪರ್ ಮಾರಿಯೋ ಆರ್‌ಪಿಜಿ'ಯಿಂದ ಬಂದ ವಿದ್ಯೆ. ಶತ್ರು ದೊಡ್ಡ ಮಂತ್ರಕ್ಕೆ ಅಣಿಯಾದಾಗ ಅವನ ತಲೆಯ ಮೇಲೆ ಬೀಗಗಳು ಮೂಡುತ್ತವೆ: ಒಂದು ಸೂರ್ಯ, ಒಂದು ಚಂದ್ರ, ಎರಡು ಕತ್ತಿ, ಹೀಗೆ. ಕೊಟ್ಟ ಸರದಿಗಳೊಳಗೆ ಆಯಾ ಬಗೆಯ ಏಟು ಹಾಕಿ ಎಲ್ಲ ಬೀಗ ಮುರಿದರೆ ಮಂತ್ರವೇ ನಿಲ್ಲುತ್ತದೆ. ಅರ್ಧ ಮುರಿದರೂ ಅದರ ಬಿರುಸು ತಗ್ಗುತ್ತದೆ. ಮಂತ್ರಶಕ್ತಿಯ ಸಂಗ್ರಹ ಬೇಕೆಂದೇ ಚಿಕ್ಕದಾಗಿದೆ, ಬರಿಯ ಏಟು ಹಾಕಿದಾಗ ಅದು ಮತ್ತೆ ತುಂಬುತ್ತದೆ. ಹಳೆಯ ಗೇಮ್‌ಗಳಲ್ಲಿ ಶಕ್ತಿಯನ್ನೆಲ್ಲ ಕೊನೆಯ ದೊಡ್ಡ ಶತ್ರುವಾದ ಬಾಸ್‌ಗೆಂದು ಜೋಪಾನ ಮಾಡಿ, ಕಡೆಗೆ ಬಳಸದೆಯೇ ಮುಗಿಸುವ ರೂಢಿಯಿತ್ತು. ಈ ಒಂದು ತಿದ್ದುಪಡಿ ಅದನ್ನು ಸದ್ದಿಲ್ಲದೆ ಬಿಡಿಸಿದೆ.

ಜರ್ಮನಿಯ ಮಥಿಯಾಸ್ ಲಿಂಡಾ ಬಹುಪಾಲು ಒಬ್ಬರೇ ಕೂತು ಮಾಡಿದ 'ಚೇನ್ಡ್ ಎಕೋಸ್' 2022ರ ಡಿಸೆಂಬರಿನಲ್ಲಿ ಬಂತು. ಅಲ್ಲಿ ಪ್ರತಿ ಯುದ್ಧ ಮುಗಿದ ಮೇಲೂ ಎಲ್ಲರ ಆರೋಗ್ಯ ಪೂರ್ತಿ ಮರಳುತ್ತದೆ. ಮದ್ದು ಉಳಿಸುವ ಚಿಂತೆ ಹೋದದ್ದರಿಂದ ಒಂದೊಂದು ಯುದ್ಧವನ್ನೂ ಬಿಗಿಯಾಗಿ ಕಟ್ಟಲು ಸಾಧ್ಯವಾಯಿತು. ಮೇಲೊಂದು ಪಟ್ಟಿ, ಅದರ ನಡುವೆ ಹಸಿರು, ಕೊನೆಗೆ ಕೆಂಪು. ನಮ್ಮ ಏಟುಗಳು ಮುಳ್ಳನ್ನು ಮುಂದಕ್ಕೆ ದೂಡುತ್ತವೆ. ಹಸಿರಿನಲ್ಲಿದ್ದರೆ ಬಲ ಹೆಚ್ಚು, ಕೆಂಪಿಗೆ ಹೋದರೆ ಪೆಟ್ಟು ನಮಗೇ ಜಾಸ್ತಿ. ಹಾಲು ಉಕ್ಕದಂತೆ ಒಲೆಯ ಮುಂದೆ ನಿಂತ ಹಾಗೆ ಆಡಬೇಕು.

ಫ್ರಾನ್ಸಿನ ಮೊಂಪೆಲಿಯೆಯ ಸ್ಯಾಂಡ್‌ಫಾಲ್ ಇಂಟರಾಕ್ಟಿವ್ 2025ರ ಏಪ್ರಿಲ್ 24ರಂದು ತಂದ 'ಕ್ಲೇರ್ ಒಬ್‌ಸ್ಕ್ಯೂರ್: ಎಕ್ಸ್‌ಪೆಡಿಶನ್ 33' ಹಳೆಯ ಗೇಮ್‌ಗಳ ಚುಕ್ಕಿಚಿತ್ರವಾದ ಪಿಕ್ಸೆಲನ್ನೇ ಬಿಟ್ಟಿತು. ಚಿತ್ರವೆಲ್ಲ ಸಿನಿಮಾದಂತಿದೆ. ಆದರೂ ಎಲುಬು ಹಳೆಯದೇ: ಮೆನು, ಸರದಿ, ತಂಡ. ನಮ್ಮ ಸರದಿಯಲ್ಲಿ ನಿಧಾನವಾಗಿ ಯೋಚಿಸಬಹುದು. ಶತ್ರುವಿನ ಸರದಿ ಬಂದಾಗ ಮಾತ್ರ ಕೈ ಚುರುಕಾಗಿರಬೇಕು. ಅವನು ಭುಜ ಎತ್ತುವುದನ್ನು ನೋಡಿ ಸಮಯಕ್ಕೆ ಸರಿದರೆ ತಪ್ಪಿಸಿಕೊಳ್ಳಬಹುದು. ಇನ್ನೂ ಕಿರಿದಾದ ಕ್ಷಣದಲ್ಲಿ ಕತ್ತಿಗೆ ಕತ್ತಿ ಕೊಟ್ಟರೆ ತಿರುಗೇಟಿಗೆ ದಾರಿಯಾಗುತ್ತದೆ. ಸುಮ್ಮನೆ ಕೂತು ಏಟು ತಿನ್ನುತ್ತಿದ್ದ ಹಳೆಯ ಅರ್ಧ ಹೀಗೆ ಆಟವಾಗಿ ಬದಲಾಯಿತು.

ಪಿಕ್ಸೆಲ್ ಹಿಡಿದವರಿಗೂ ಅದರದೇ ಕಷ್ಟಗಳಿವೆ. ಫ್ಯಾಮಿಕಾಮ್‌ನ ಮುಂದಿನ ಪೀಳಿಗೆಯ ಯಂತ್ರವಾದ ಸೂಪರ್ ಫ್ಯಾಮಿಕಾಮ್‌ನ ಚಿತ್ರ ಸಾಮಾನ್ಯವಾಗಿ 256 ಅಡ್ಡ, 224 ಉದ್ದ ಚುಕ್ಕಿಗಳದ್ದು, ಒಂದು ಪಾತ್ರಕ್ಕೆ ಸಿಗುತ್ತಿದ್ದದ್ದು 15 ಬಣ್ಣ. ಆಗಿನ ಗಾಜಿನ ಟಿವಿ ಆ ಚುಕ್ಕಿಗಳ ಅಂಚನ್ನು ಕರಗಿಸಿ ತೋರಿಸುತ್ತಿತ್ತು. ಇವತ್ತಿನ ಪರದೆಯಲ್ಲಿ ಅದೇ ಚಿತ್ರ ಚೂಪಾದ ಚೌಕಗಳಾಗಿ ಕಾಣುತ್ತದೆ. ಅದಕ್ಕೆ ಅನೇಕರು 640 ಗುಣಿಸು 360ರಂಥ ಅಳತೆಯಲ್ಲಿ ಬಿಡಿಸುತ್ತಾರೆ. ಸರಿಯಾಗಿ ಮೂರು ಪಟ್ಟು ಹಿಗ್ಗಿಸಿದರೆ 1920 ಗುಣಿಸು 1080, ಒಂದು ಚುಕ್ಕಿಯೂ ಸೊಟ್ಟಗಾಗುವುದಿಲ್ಲ. ಒಂದೇ ಪರದೆಯಲ್ಲಿ ಮರದ ಚುಕ್ಕಿ ದೊಡ್ಡದು, ಮನುಷ್ಯನ ಚುಕ್ಕಿ ಚಿಕ್ಕದು ಕಂಡರೆ ಅವಸರದಲ್ಲಿ ಹೊಲಿದದ್ದೆಂದು ತಿಳಿಯಿರಿ. 'ಆಕ್ಟೋಪಾತ್' ಚುಕ್ಕಿಯ ಮನುಷ್ಯರನ್ನು ಮೂರು ಆಯಾಮದ ಊರಿನಲ್ಲಿ ನಿಲ್ಲಿಸಿ, ದೀಪದ ಬೆಳಕು ಚೆಲ್ಲಿ, ಹಿನ್ನೆಲೆಯನ್ನು ಮಬ್ಬುಗೊಳಿಸಿತು. ದಸರಾ ಗೊಂಬೆಗಳ ಮುಂದೆ ಬಗ್ಗಿ ನೋಡಿದಂತೆ ಕಾಣುತ್ತದೆ.

ಸಂಗೀತದ ಕಥೆಯೂ ಹೀಗೇ. ಸೂಪರ್ ಫ್ಯಾಮಿಕಾಮ್‌ನಲ್ಲಿ ಒಟ್ಟಿಗೆ ನುಡಿಯುವ ದನಿಗಳು ಎಂಟೇ. ಕತ್ತಿಯ ಸದ್ದು ಬಂದರೆ ಅದಕ್ಕೂ ಆ ಎಂಟರಲ್ಲೇ ಜಾಗ ಕೊಡಬೇಕು. ಯುದ್ಧ ಎಷ್ಟು ಹೊತ್ತು ನಡೆಯುತ್ತದೋ ಯಾರಿಗೂ ಗೊತ್ತಿಲ್ಲದ್ದರಿಂದ ಟ್ಯೂನ್ ಸುತ್ತಿ ಸುತ್ತಿ ಮೊದಲಿಗೇ ಬರಬೇಕು, ನೂರು ಸಲ ಕೇಳಿದರೂ ಸಾಕೆನಿಸಬಾರದು. ನೊಬುವೊ ಉಎಮಾತ್ಸು ಅಂಥ ಇಕ್ಕಟ್ಟಿನಲ್ಲೇ 'ಫೈನಲ್ ಫ್ಯಾಂಟಸಿ'ಗೆ ಗುನುಗುವಂಥ ರಾಗ ಕಟ್ಟಿದರು. 'ಕ್ರೋನೋ ಟ್ರಿಗರ್'ನ ಯಾಸುನೋರಿ ಮಿತ್ಸುದಾ 'ಸೀ ಆಫ್ ಸ್ಟಾರ್ಸ್'ಗೂ ಕೆಲವು ತುಣುಕು ಕೊಟ್ಟಿದ್ದಾರೆ. 'ಆಕ್ಟೋಪಾತ್'ನಲ್ಲಿ ಯಾಸುನೋರಿ ನಿಶಿಕಿ ಪಾತ್ರದ ಮೆಲುರಾಗದಿಂದ ಬಾಸ್ ಯುದ್ಧದ ಅಬ್ಬರಕ್ಕೆ ಎಲ್ಲೂ ಕಡಿಯದೆ ದಾಟಿಸುತ್ತಾರೆ. ಅಲ್ಲಿ ಹೆಡ್‌ಫೋನ್ ಹಾಕಿಕೊಂಡಿರಿ.

ಈ ಗೇಮ್‌ಗಳು ಬಹಳ ಉದ್ದ, ಹಣವೂ ಕಡಿಮೆಯಲ್ಲ. 'ಆಕ್ಟೋಪಾತ್'ಗೂ 'ಸೀ ಆಫ್ ಸ್ಟಾರ್ಸ್'ಗೂ ಪುಕ್ಕಟೆ ಡೆಮೊ ಬಂದಿತ್ತು. ಡೆಮೊ ಸಿಕ್ಕಿದಾಗ ಹೀಗೆ ಮಾಡಿ. ನಾಲ್ಕನೆಯ ಅಥವಾ ಐದನೆಯ ಸಾಮಾನ್ಯ ಯುದ್ಧದಲ್ಲಿ, ಏನೂ ಯೋಚಿಸದೆ 'ಹೊಡಿ' ಎಂಬುದನ್ನೇ ಒತ್ತುತ್ತಾ ಹೋಗಿ. ಕಾಡಿನ ಸಣ್ಣದೊಂದು ಹುಳುವೂ ನಿಮ್ಮನ್ನು ತಡೆದು ನಿಲ್ಲಿಸಿ, ಮೆನುವಿನ ಎರಡನೆಯ ಸಾಲನ್ನು ಓದುವಂತೆ ಮಾಡಿತೆಂದರೆ, ಧೈರ್ಯವಾಗಿ ಕೊಳ್ಳಿ.